ಕೀಲಿಮಣೆಗೆ ನೀರು ಸೋಂಕಿದಾಗ



ಮನೆಯನ್ನು ಶುಚಿಯಾಗಿಡುವುದು ನಮ್ಮ ಮನೆತನಗಳಲ್ಲಿ ತಲೆಮಾರುಗಳಿಂದ ಬಂದ ಸಂಸ್ಕಾರ. ಹಬ್ಬ ಹತ್ತಿರವಾದಂತೆ ಬಲೆ ಕಟ್ಟಿದ ಮೂಲೆಯಿಂದ ಹಿಡಿದು ಅಟ್ಟದ ಮೇಲಿನ ಪಾತ್ರೆಗಳವರೆಗೆ ಎಲ್ಲದಕ್ಕೂ ನೀರು ತಾಕುತ್ತದೆ. ಹಿತ್ತಾಳೆ ಹೊಳೆಯುತ್ತದೆ, ಕಲ್ಲಿನ ನೆಲ ತಂಪಾಗುತ್ತದೆ, ಹಳೆಯ ಬಾಗಿಲು ಹೊಸ ಕಳೆಯನ್ನು ಪಡೆಯುತ್ತದೆ. ಆದರೆ ಇಂದಿನ ಮನೆಗಳಲ್ಲಿ ನೀರನ್ನು ಸಹಿಸದ ವಸ್ತುವೊಂದು ಎಲ್ಲರ ಕೈಗೆ ಎಟುಕುವ ಮೇಜಿನ ಮೇಲೆಯೇ ಇದೆ. ಅದು ಗಣಕಯಂತ್ರದ ಕೀಲಿಮಣೆ. ಬೆರಳಿನ ಜಿಡ್ಡು, ಬೀದಿಯ ಧೂಳು, ತಿಂಡಿಯ ಪುಡಿ ಇವೆಲ್ಲ ಅದರ ಸಂದುಗಳಲ್ಲಿಯೇ ಸೇರುವುದರಿಂದ ಒದ್ದೆ ಬಟ್ಟೆಯು ಮೊದಲು ಹೋಗುವುದೂ ಅಲ್ಲಿಗೇ.

ಒರೆಸಿ ಮುಗಿಸಿದ ಸ್ವಲ್ಪ ಹೊತ್ತಿಗೆ ತೆರೆಯ ಮೇಲೆ ಅಕ್ಷರಗಳು ತಾವಾಗಿಯೇ ಮೂಡತೊಡಗುತ್ತವೆ. ಇಲ್ಲವೇ ಎಷ್ಟು ಒತ್ತಿದರೂ ಕೆಲವು ಅಕ್ಷರಗಳು ಮೂಡುವುದೇ ಇಲ್ಲ. ಮಗಳ ಪರೀಕ್ಷೆಯ ಅರ್ಜಿ, ಮಗನ ಕಚೇರಿಯ ಕೆಲಸ, ಅಂಗಡಿಯ ಲೆಕ್ಕ, ಸಂಘದ ಕಾಗದಪತ್ರ ಇವೆಲ್ಲವೂ ಆ ಯಂತ್ರದೊಳಗೇ ಇರುತ್ತವೆ. ಆಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ "ಒರೆಸಿದವರು ಯಾರು?" ಎಂಬುದು. ಆ ಪ್ರಶ್ನೆಗೆ ಉತ್ತರ ಹುಡುಕುವ ಹೊತ್ತಿನಲ್ಲಿಯೇ ಯಂತ್ರವು ಕೆಡುತ್ತದೆ. ಮೊದಲು ಕೇಳಬೇಕಾದದ್ದು "ವಿದ್ಯುತ್ತನ್ನು ತಪ್ಪಿಸಿದಿರಾ?" ಎಂಬ ಮಾತನ್ನು. ಈ ತಿಂಗಳ ಅಂಕಣದಲ್ಲಿ ನಾವು ವಿವರಿಸಬಯಸುವ ವಿಷಯದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ. ನೀರು ತಾಕಿದ ಮಾತ್ರಕ್ಕೆ ಕೀಲಿಮಣೆ ನಾಶವಾಗುವುದಿಲ್ಲ. ನೀರು, ವಿದ್ಯುತ್ತು ಮತ್ತು ಆತುರ ಈ ಮೂರೂ ಕೂಡಿದಾಗ ಅದು ನಾಶವಾಗುತ್ತದೆ.

ಒಳಗೆ ಏನಿದೆ?

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಕಡಿಮೆ ಬೆಲೆಯ ಕೀಲಿಮಣೆಯ ಒಳಗೆ ಮೂರು ತೆಳುವಾದ ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಮೇಲಿನ ಮತ್ತು ಕೆಳಗಿನ ಹಾಳೆಗಳ ಮೇಲೆ ವಿದ್ಯುತ್ತನ್ನು ಹರಿಸುವ ಮಸಿಯಿಂದ ಗೆರೆಗಳನ್ನು ಮುದ್ರಿಸಿರುತ್ತಾರೆ. ಈ ಮಸಿಯಲ್ಲಿ ಬೆಳ್ಳಿಯೋ ಇಂಗಾಲವೋ ಇರುತ್ತದೆ. ನಡುವಿನ ಹಾಳೆಯಲ್ಲಿ ಪ್ರತಿಯೊಂದು ಕೀಲಿಯ ಕೆಳಗೆ ಒಂದೊಂದು ತೂತು ಇರುತ್ತದೆ. ಕೀಲಿಯನ್ನು ಒತ್ತಿದಾಗ ಅದರಡಿಯ ರಬ್ಬರಿನ ಗುಬುಟು ಬಾಗಿ, ಮೇಲಿನ ಹಾಳೆಯು ಆ ತೂತಿನ ಮೂಲಕ ಕೆಳಗಿನ ಹಾಳೆಯನ್ನು ಮುಟ್ಟುತ್ತದೆ. ಆ ಮುಟ್ಟುವಿಕೆಯೇ ತೆರೆಯ ಮೇಲಿನ ಅಕ್ಷರವಾಗುತ್ತದೆ.

ನೂರಕ್ಕೂ ಹೆಚ್ಚಿನ ಕೀಲಿಗಳಿಗೆ ಒಂದೊಂದರಂತೆ ಪ್ರತ್ಯೇಕ ತಂತಿಯನ್ನು ಎಳೆಯುವುದು ಸಾಧುವಲ್ಲ. ಆದಕಾರಣ ಗೆರೆಗಳನ್ನು ಚೌಕಾಬಾರದ ಮನೆಗಳಂತೆ ಅಡ್ಡಸಾಲು ಮತ್ತು ಉದ್ದಸಾಲುಗಳಲ್ಲಿ ಜೋಡಿಸಿರುತ್ತಾರೆ. ಯಾವ ಅಡ್ಡಸಾಲು ಯಾವ ಉದ್ದಸಾಲನ್ನು ಕೂಡಿತೆಂಬುದನ್ನು ಒಳಗಿರುವ ಸಣ್ಣ ನಿಯಂತ್ರಕವು ಸದಾ ನೋಡುತ್ತಿರುತ್ತದೆ. ಇದನ್ನು ತಿಳಿದರೆ ಕೆಟ್ಟ ಕೀಲಿಮಣೆಯ ಲಕ್ಷಣಗಳು ಸುಲಭವಾಗಿ ಅರ್ಥವಾಗುತ್ತವೆ. ಒಂದು ಗೆರೆ ಎಲ್ಲಿಯಾದರೂ ಕಡಿದರೆ ಆ ಸಾಲಿನ ಹಲವು ಕೀಲಿಗಳು ಒಟ್ಟಿಗೆ ಮೌನವಾಗುತ್ತವೆ. ಎರಡು ಗೆರೆಗಳ ನಡುವೆ ನೀರು ಸೇತುವೆಯಾದರೆ ಯಾರೂ ಒತ್ತದ ಅಕ್ಷರಗಳು ಮೂಡುತ್ತವೆ. ಮೊದಲನೆಯದು ಗೆರೆ ಸವೆದ ಲಕ್ಷಣ. ಎರಡನೆಯದು ಬಹುತೇಕ ತೇವದ ಲಕ್ಷಣ. ತೇವದ ದೋಷವು ಒಣಗಿದಾಗ ಹೋಗಬಹುದು. ಸವೆದ ಗೆರೆಯು ಒಣಗಿದ ಮಾತ್ರಕ್ಕೆ ಮರಳಿ ಕೂಡುವುದಿಲ್ಲ.

ಒದ್ದೆಯಾದ ಎರಡು ಸ್ಟೀಲಿನ ತಟ್ಟೆಗಳನ್ನು ಒಂದರೊಳಗೊಂದು ಇಟ್ಟರೆ ಅವು ಹೇಗೆ ಅಂಟಿಕೊಂಡು ನಡುವಣ ನೀರನ್ನು ಬಿಡುವುದಿಲ್ಲವೋ, ಈ ಹಾಳೆಗಳ ನಡುವೆ ಸೇರಿದ ನೀರೂ ಹಾಗೆಯೇ. ಮೇಲೆ ಒಣಗಿದಂತೆ ತೋರುವ ಕೀಲಿಮಣೆಯ ಒಳಗೆ ಎರಡು ಮೂರು ದಿನಗಳ ಮೇಲೂ ತೇವ ಉಳಿದಿರಬಹುದು. ಆ ಸ್ಥಿತಿಯಲ್ಲಿ ವಿದ್ಯುತ್ತು ಹರಿದರೆ ಗೆರೆಯೊಳಗಿನ ಲೋಹವು ತೇವದಲ್ಲಿ ಕರಗಿ ಪಕ್ಕದ ಗೆರೆಯತ್ತ ಸಾಗುತ್ತದೆ. ಬೆಳ್ಳಿಗೆ ಈ ಗುಣ ಹೆಚ್ಚು. ವಿದ್ಯುತ್ತಿಲ್ಲದಿದ್ದರೆ ಈ ಸವೆತ ಬಹಳ ನಿಧಾನ. ಆದುದರಿಂದಲೇ ನಾವು ವಿದ್ಯುತ್ತನ್ನು ತಪ್ಪಿಸುವ ಮಾತನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದೇವೆ.

ಯಾವ ದ್ರವ ಸೋಂಕಿತೆಂಬುದೂ ಮುಖ್ಯ. ಪರಿಶುದ್ಧವಾದ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಸುವುದಿಲ್ಲ. ಆದರೆ ನಲ್ಲಿಯ ನೀರಿನಲ್ಲಿ, ಅದರಲ್ಲಿಯೂ ಕೊಳವೆಬಾವಿಯ ಗಡಸು ನೀರಿನಲ್ಲಿ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ನೀರು ಆರಿದ ಮೇಲೂ ಈ ಲವಣಗಳು, ಸ್ನಾನದ ಬಿಂದಿಗೆಗೆ ಕಟ್ಟುವ ಬಿಳಿಯ ಪದರದಂತೆ, ಒಳಗೇ ಉಳಿಯುತ್ತವೆ. ಗಾಳಿಯ ತೇವವನ್ನು ಹೀರಿ ಮತ್ತೆ ತೊಂದರೆ ಕೊಡುತ್ತವೆ. ಸೋಪಿನ ನೀರು ಅಂಟನ್ನು ಬಿಡುತ್ತದೆ. ಬಟ್ಟೆ ಬಿಳುಪಾಗಿಸುವ ಬ್ಲೀಚು ಲೋಹವನ್ನೇ ತಿನ್ನುತ್ತದೆ. ೨೦೨೦ರ ಸಾಂಕ್ರಾಮಿಕದ ಕಾಲದಿಂದ ಕೈಗೆ ಹಚ್ಚುವ ಸ್ಯಾನಿಟೈಸರನ್ನು ಕೀಲಿಮಣೆಗೂ ಸುರಿಯುವ ಅಭ್ಯಾಸ ಕೆಲವರಲ್ಲಿ ಬೆಳೆಯಿತು. ಅದರಲ್ಲಿರುವುದು ಬರಿಯ ಆಲ್ಕೊಹಾಲ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದ ಎಥನಾಲಿನ ಮಿಶ್ರಣದಲ್ಲಿ ಶೇಕಡಾ ೮೦ರಷ್ಟು ಎಥನಾಲ್ ಜೊತೆಗೆ ಶೇಕಡಾ ೧.೪೫ರಷ್ಟು ಗ್ಲಿಸರಿನ್ ಸಹ ಉಂಟು. ಕೈಯ ಚರ್ಮ ಒಣಗದಿರಲೆಂದು ಸೇರಿಸಿದ ಆ ಗ್ಲಿಸರಿನ್ ಆರಿಹೋಗುವುದಿಲ್ಲ. ಕೀಲಿಗಳ ಸಂದಿನಲ್ಲಿ ಅಂಟಾಗಿ ನಿಲ್ಲುತ್ತದೆ.

ಮೊದಲ ನಿಮಿಷದ ಕರ್ತವ್ಯ

ಮೇಜಿನ ಗಣಕಕ್ಕೆ ತಂತಿಯಿಂದ ಕೂಡಿದ ಕೀಲಿಮಣೆಯಾದರೆ ಆ ತಂತಿಯ ತುದಿಯನ್ನು ಗಣಕದಿಂದ ಕೂಡಲೇ ಕಿತ್ತುಬಿಡಬೇಕು. ತಂತಿಯಿಲ್ಲದ ಬಗೆಯದಾದರೆ ಅದರ ಗುಂಡಿಯನ್ನು ಆರಿಸಿ ಒಳಗಿನ ಶೆಲ್ಲುಗಳನ್ನು ತೆಗೆಯಬೇಕು. ಇಲ್ಲಿ ಒಂದು ಸಮಾಧಾನವುಂಟು. ನೀರು ಬಿದ್ದದ್ದು ಕೀಲಿಮಣೆಗೆ ಮಾತ್ರವಾದ್ದರಿಂದ ಗಣಕಕ್ಕೆ ಅಪಾಯವಿಲ್ಲ. ಬರೆಯುತ್ತಿದ್ದ ಕಡತವನ್ನು ಮೌಸಿನ ಸಹಾಯದಿಂದಲೇ ನಿಧಾನವಾಗಿ ಉಳಿಸಿಕೊಳ್ಳಬಹುದು.

ಲ್ಯಾಪ್‌ಟಾಪಿನ ವಿಚಾರ ಹಾಗಲ್ಲ. ಅಲ್ಲಿ ಕೀಲಿಮಣೆಯ ಕೆಳಗೇ ಯಂತ್ರದ ಮುಖ್ಯ ಫಲಕ ಮತ್ತು ಬ್ಯಾಟರಿ ಇರುತ್ತವೆ. ಚಾರ್ಜರು ಕೂಡಿದ್ದರೆ ಒದ್ದೆ ಕೈಯಿಂದ ಪ್ಲಗ್ಗನ್ನು ಮುಟ್ಟದೆ, ಕೈ ಒರೆಸಿಕೊಂಡು ಮೊದಲು ಗೋಡೆಯ ಸ್ವಿಚ್ಚನ್ನು ಆರಿಸಿ, ಬಳಿಕ ತಂತಿಯನ್ನು ಕೀಳಬೇಕು. ಅನಂತರ ಯಂತ್ರವನ್ನು ಆರಿಸುವ ಗುಂಡಿಯನ್ನು, ತೆರೆಯು ಕಪ್ಪಾಗುವವರೆಗೆ, ಹಿಡಿದು ಒತ್ತಬೇಕು. ಇದಕ್ಕೆ ಸಾಮಾನ್ಯವಾಗಿ ಹತ್ತು ಸೆಕೆಂಡುಗಳು ಸಾಕು. ಬ್ಯಾಟರಿಯನ್ನು ಹೊರತೆಗೆಯಲು ಬರುವ ಹಳೆಯ ಮಾದರಿಯಾದರೆ ಅದನ್ನೂ ತೆಗೆದಿಡಬೇಕು. ಕಡತವನ್ನು ಉಳಿಸಿ ಆರಿಸೋಣವೆಂಬ ಆಸೆ ಸಹಜವಾದದ್ದು. ಆದರೆ ಒಂದು ಪುಟದ ಬರಹವನ್ನು ಉಳಿಸಲು ಹೋಗಿ ವರ್ಷಗಳ ಬರಹವಿರುವ ಯಂತ್ರವನ್ನೇ ಪಣಕ್ಕಿಡುವುದು ವಿವೇಕವಲ್ಲ.

ಯಂತ್ರ ಬಿಸಿಯಾಗುತ್ತಿದ್ದರೆ, ಹೊಗೆಯೋ ವಿಚಿತ್ರವಾದ ವಾಸನೆಯೋ ಬಂದರೆ, ತಳಭಾಗ ಉಬ್ಬಿದಂತೆ ಕಂಡರೆ, ಆಗ ಕೀಲಿಮಣೆಯ ಯೋಚನೆಯನ್ನೇ ಬಿಡಬೇಕು. ಲಿಥಿಯಂ ಬ್ಯಾಟರಿಯು ಹೊತ್ತಿಕೊಳ್ಳಬಲ್ಲದು. ಮಕ್ಕಳನ್ನೂ ಹಿರಿಯರನ್ನೂ ದೂರ ಕರೆದೊಯ್ಯುವುದೇ ಆಗ ಮೊದಲ ಕೆಲಸ.

ಇನ್ನು ಯಂತ್ರವನ್ನು ಬೋರಲು ಹಾಕಬೇಕೇ ಎಂಬ ಪ್ರಶ್ನೆ. ಬೇರೆಯಾಗಿರುವ ಕೀಲಿಮಣೆಯನ್ನು ನಿಸ್ಸಂಶಯವಾಗಿ ಬೋರಲು ಹಾಕಿ, ಬೆನ್ನನ್ನು ಮೆಲ್ಲಗೆ ತಟ್ಟಿ ನೀರನ್ನು ಬಸಿಯಬೇಕು. ಲ್ಯಾಪ್‌ಟಾಪಿನಲ್ಲಿ ಎರಡು ಬಗೆಗಳಿವೆ. ಲೆನೊವೊ ಕಂಪನಿಯ ಥಿಂಕ್‌ಪ್ಯಾಡಿನಂತಹ ಕೆಲವು ಯಂತ್ರಗಳಲ್ಲಿ ಕೀಲಿಮಣೆಗೆ ಬಿದ್ದ ನೀರು ತಳದ ತೂತುಗಳಿಂದ ಹೊರಗೆ ಹರಿಯುವಂತೆ ಕಾಲುವೆಗಳನ್ನು ಮಾಡಿರುತ್ತಾರೆ. ಅಂಥವನ್ನು ತಲೆಕೆಳಗು ಮಾಡಬಾರದೆಂದು ಆ ಕಂಪನಿಯ ಕೈಪಿಡಿಗಳೇ ಎಚ್ಚರಿಸುತ್ತವೆ. ತಿರುಗಿಸಿದರೆ ಹೊರಗೆ ಹೋಗಬೇಕಾದ ನೀರು ಒಳಗೆ ಹರಡುತ್ತದೆ. ಅಂತಹ ತೂತುಗಳಿಲ್ಲದ ಲ್ಯಾಪ್‌ಟಾಪನ್ನು ತೆರೆದು, ಗುಡಿಸಲಿನ ಸೂರಿನಂತೆ ಕೀಲಿಮಣೆ ಕೆಳಮುಖವಾಗುವಂತೆ ಒಣ ಬಟ್ಟೆಯ ಮೇಲೆ ನಿಲ್ಲಿಸುವುದು ರೂಢಿ. ನಿಮ್ಮಲ್ಲಿರುವುದು ಯಾವ ಬಗೆಯದೆಂಬುದನ್ನು ಅನಾಹುತ ಆಗುವ ಮುನ್ನವೇ ತಿಳಿದಿಟ್ಟುಕೊಳ್ಳುವುದು ಲೇಸು.

ಒಣಗಿಸುವ ಬಗೆ

ಒಣಗಿಸುವುದರಲ್ಲಿ ಎಲ್ಲಕ್ಕಿಂತ ಹಿರಿದಾದ ಔಷಧ ತಾಳ್ಮೆ. ಮೇಲಿನ ನೀರನ್ನು ನೂಲು ಬಿಡದ ಬಟ್ಟೆಯಿಂದ ಒತ್ತಿ ಹೀರಬೇಕು. ಉಜ್ಜಿದರೆ ನೀರು ಸಂದುಗಳಿಗೆ ಇಳಿಯುತ್ತದೆ. ಬಳಿಕ ಫ್ಯಾನಿನ ಗಾಳಿ ಆಡುವ ಕಡೆ ಓರೆಯಾಗಿ ನಿಲ್ಲಿಸಿ, ಕನಿಷ್ಠ ಎರಡು ದಿನ ಮುಟ್ಟದೆ ಬಿಡಬೇಕು. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಗಾಳಿಯೇ ತೇವದಿಂದ ಕೂಡಿರುವುದರಿಂದ ಇನ್ನೂ ಒಂದೆರಡು ದಿನ ಹೆಚ್ಚು ಬೇಕು. "ಒಮ್ಮೆ ಹಚ್ಚಿ ನೋಡೋಣ" ಎಂಬ ಕುತೂಹಲದಿಂದಲೇ ಹಲವು ಯಂತ್ರಗಳು ಸಾಯುತ್ತವೆ. ಬೆಳಿಗ್ಗೆ ಬಿದ್ದ ನೀರಿನಿಂದ ಬದುಕಿ ಉಳಿದದ್ದು ಸಂಜೆಯ ಪರೀಕ್ಷೆಯಿಂದ ಸತ್ತಂತಾಗುತ್ತದೆ.

ಅಕ್ಕಿಯ ಡಬ್ಬಿಯಲ್ಲಿ ಹುಗಿದರೆ ತೇವವನ್ನೆಲ್ಲ ಅಕ್ಕಿ ಹೀರುತ್ತದೆಂಬ ನಂಬಿಕೆ ಬಹಳ ಕಡೆ ಹಬ್ಬಿದೆ. ಒದ್ದೆಯಾದ ಫೋನನ್ನು ಅಕ್ಕಿಯ ಚೀಲದಲ್ಲಿ ಇಡಬಾರದೆಂದು ಆಪಲ್ ಕಂಪನಿಯು ೨೦೨೪ರಲ್ಲಿ ಸ್ಪಷ್ಟವಾಗಿಯೇ ಸೂಚಿಸಿತು. ಅಕ್ಕಿಯ ಸಣ್ಣ ಕಣಗಳು ಒಳಸೇರಿ ಹಾನಿ ಮಾಡಬಹುದೆಂಬುದು ಅದರ ಕಾರಣ. ಕೀಲಿಮಣೆಯಲ್ಲಿ ಸಂದುಗಳು ಇನ್ನೂ ಹೆಚ್ಚು. ಅಕ್ಕಿಯ ಹಿಟ್ಟು ತೇವದೊಡನೆ ಸೇರಿದರೆ ಅಂಟಾಗುವುದನ್ನು ಅಡುಗೆಮನೆಯ ಅನುಭವವಿರುವ ತಾಯಂದಿರಿಗೆ ನಾವು ಹೇಳಬೇಕಾಗಿಲ್ಲ. ಚಲಿಸುವ ಗಾಳಿಯು ಅಕ್ಕಿಗಿಂತ ಉತ್ತಮ ಸಹಾಯಕ.

ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯೂ ಬೇಡ. ಅದು ನೀರನ್ನು ಇನ್ನಷ್ಟು ಒಳಕ್ಕೆ ದೂಡುತ್ತದೆ. ಪ್ಲಾಸ್ಟಿಕ್ ಕೀಲಿಗಳನ್ನೂ ರಬ್ಬರನ್ನೂ ಸೊಟ್ಟಗಾಗಿಸುತ್ತದೆ. ಸುಡುಬಿಸಿಲಿಗೆ ಹಪ್ಪಳದಂತೆ ಹರವಿಡುವುದೂ ಸಲ್ಲದು. ಲ್ಯಾಪ್‌ಟಾಪನ್ನಂತೂ ಎಂದಿಗೂ ಬಿಸಿಲಿಗಿಡಬಾರದು, ಅದರಲ್ಲಿ ಬ್ಯಾಟರಿ ಇದೆ.

ಬಿಚ್ಚಿ ತೊಳೆಯಬಹುದೇ?

ಬಿದ್ದದ್ದು ಬರಿಯ ನೀರಾಗಿ, ಪ್ರಮಾಣವೂ ಕಡಿಮೆಯಾಗಿದ್ದರೆ ಒಣಗಿಸುವುದಷ್ಟೇ ಸಾಕಾಗಬಹುದು. ಸೋಪಿನ ನೀರು, ನೆಲ ಒರೆಸುವ ದ್ರವ ಅಥವಾ ಸ್ಯಾನಿಟೈಸರ್ ಒಳಗೆ ಇಳಿದಿದ್ದರೆ ಒಣಗಿದ ಮೇಲೂ ಅಂಟು ಉಳಿಯುತ್ತದೆ. ಆಗ ನೀರಿನಿಂದ ಆದ ಹಾನಿಯನ್ನು ನೀರಿನಿಂದಲೇ ತೊಳೆಯಬೇಕಾದ ಪ್ರಸಂಗ ಬರುತ್ತದೆ. ಇದು ವಿಚಿತ್ರವೆನಿಸಿದರೂ, ವಿದ್ಯುತ್ತಿನ ಸಂಬಂಧವನ್ನು ಪೂರ್ಣವಾಗಿ ಕಡಿದ ಬಿಡಿ ಕೀಲಿಮಣೆಗೆ ಸಲ್ಲುವ ಕ್ರಮವೇ ಆಗಿದೆ. ಲ್ಯಾಪ್‌ಟಾಪಿಗೆ ಇದನ್ನು ಅನ್ವಯಿಸಬಾರದು.

ಕೀಲಿಮಣೆಯ ಬೆನ್ನಿನ ಸ್ಕ್ರೂಗಳನ್ನು ಬಿಚ್ಚುವ ಮುನ್ನ ಅದರ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಮರಳಿ ಜೋಡಿಸುವಾಗ ಅದೇ ಮಾರ್ಗದರ್ಶಿ. ಕೆಲವು ಸ್ಕ್ರೂಗಳು ಚೀಟಿಯ ಕೆಳಗೆ ಅಡಗಿರುತ್ತವೆ. ಬಲಾತ್ಕಾರ ಮಾಡಿದರೆ ಪ್ಲಾಸ್ಟಿಕ್ ಕೊಂಡಿಗಳು ಮುರಿಯುತ್ತವೆ. ತೆರೆದಾಗ ಹಿಂದೆ ಹೇಳಿದ ಮೂರು ಹಾಳೆಗಳು ಕಾಣುತ್ತವೆ. ಅವು ಬೇರೆಬೇರೆಯಾಗಿದ್ದರೆ ಒಂದೊಂದನ್ನೂ ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿದ ಮೃದುವಾದ ಬಟ್ಟೆಯಿಂದ ಒತ್ತಡ ಹಾಕದೆ ಒರೆಸಬೇಕು. ಅಂಚಿನಲ್ಲಿ ಕರಗಿಸಿ ಕೂಡಿಸಿದ್ದರೆ ಬಿಡಿಸಲು ಹೋಗಬಾರದು. ಮನೆಯ ಇನ್ವರ್ಟರಿನ ಬ್ಯಾಟರಿಗೆ ಹಾಕಲು ತರುವ ಡಿಸ್ಟಿಲ್ಡ್ ವಾಟರ್ ಇದಕ್ಕೆ ಒದಗುತ್ತದೆ, ಏಕೆಂದರೆ ಅದರಲ್ಲಿ ಲವಣಗಳಿರುವುದಿಲ್ಲ. ಆದರೆ ಅದೇ ಅಂಗಡಿಯಲ್ಲಿ ಬ್ಯಾಟರಿಯ ಆಮ್ಲವೂ ದೊರೆಯುತ್ತದೆ. ಬಾಟಲಿಯ ಮೇಲಿನ ಚೀಟಿಯನ್ನು ಓದದೆ ಬಳಸಬೇಡಿ. ಆಮ್ಲವು ಕಣ್ಣು ಮತ್ತು ಕೈಗಳನ್ನು ಸುಡುತ್ತದೆ.

ನಿಯಂತ್ರಕವಿರುವ ಸಣ್ಣ ಹಸಿರು ಹಲಗೆಯನ್ನು ನೀರಿನಿಂದ ತೊಳೆಯದೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದು ಉತ್ತಮ. ಈ ದ್ರವವು ನೀರಿನೊಡನೆ ಬೆರೆತು ಅದನ್ನು ತನ್ನೊಡನೆ ಕೊಂಡೊಯ್ಯುತ್ತದೆ. ಸುಮಾರು ೮೨ ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವುದರಿಂದ ನೀರಿಗಿಂತ ಬೇಗ ಆರುತ್ತದೆ. ಶೇಕಡಾ ೭೦ರದೆಂದು ಬರೆದ ಬಾಟಲಿಯಲ್ಲಿ ಉಳಿದ ೩೦ ಪಾಲು ನೀರೇ. ಒಳಭಾಗದ ಕೆಲಸಕ್ಕೆ ಶೇಕಡಾ ೯೯ರದು ಮೇಲು. ಇದು ಕಿಡಿ ತಾಕಿದರೆ ಹೊತ್ತಿಕೊಳ್ಳುವ ದ್ರವ. ದೇವರ ಮನೆಯ ದೀಪ, ಅಡುಗೆಯ ಒಲೆ, ಊದುಬತ್ತಿ ಇವುಗಳಿಂದ ದೂರ, ಕಿಟಕಿ ತೆರೆದಿಟ್ಟು ಈ ಕೆಲಸವನ್ನು ಮಾಡಬೇಕು. ಮಕ್ಕಳ ಕೈಗೆ ಇದನ್ನು ಒಪ್ಪಿಸಬಾರದು.

ಬೆಲೆಬಾಳುವ ಮೆಕ್ಯಾನಿಕಲ್ ಕೀಲಿಮಣೆಗಳಲ್ಲಿ ಪ್ರತಿ ಕೀಲಿಗೂ ಪ್ರತ್ಯೇಕ ಸ್ವಿಚ್ಚು ಇರುತ್ತದೆ. ಅವುಗಳ ಮೇಲಿನ ಟೋಪಿಗಳನ್ನು ತಕ್ಕ ಇಕ್ಕಳದಿಂದ ನೇರವಾಗಿ ಮೇಲಕ್ಕೆ ಎಳೆದು ತೆಗೆಯಬಹುದು. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಒಂದು ದಿನ ಪೂರ್ತಿ ಒಣಗಿಸಿ ಮತ್ತೆ ಕೂಡಿಸಬಹುದು. ಉದ್ದವಾದ ಸ್ಪೇಸ್, ಎಂಟರ್, ಶಿಫ್ಟ್ ಕೀಲಿಗಳ ಕೆಳಗೆ ತಂತಿಯ ಆಧಾರವಿರುವುದರಿಂದ ಅವುಗಳಲ್ಲಿ ಹೆಚ್ಚಿನ ನಾಜೂಕು ಬೇಕು. ಲ್ಯಾಪ್‌ಟಾಪಿನ ಕೀಲಿಗಳು ಕತ್ತರಿಯಾಕಾರದ ಅತಿ ಸಣ್ಣ ಕೊಂಡಿಗಳ ಮೇಲೆ ನಿಂತಿರುತ್ತವೆ. ಅವನ್ನು ಕೀಳಲು ಹೋಗಿ ಕೊಂಡಿ ಮುರಿದವರೇ ಹೆಚ್ಚು.

ಎಲ್ಲಿ ನಿಲ್ಲಬೇಕೆಂಬುದನ್ನೂ ಅರಿತಿರಬೇಕು. ಸಾಮಾನ್ಯ ಕೀಲಿಮಣೆ ಕೆಲವು ನೂರು ರೂಪಾಯಿಗಳಿಗೆ ಹೊಸದಾಗಿಯೇ ದೊರೆಯುತ್ತದೆ. ಒಂದು ಬಾರಿ ಪ್ರಯತ್ನಿಸಿ ಫಲಿಸದಿದ್ದರೆ ಹೊಸದನ್ನು ಕೊಳ್ಳುವುದರಲ್ಲಿ ಸಂಕೋಚ ಬೇಡ. ಲ್ಯಾಪ್‌ಟಾಪಿನ ಒಳಗೆ ನೀರು ಇಳಿದ ಅನುಮಾನವಿದ್ದರೆ ಅದನ್ನು ಹಚ್ಚದೆಯೇ ದುರಸ್ತಿಗಾರರಲ್ಲಿಗೆ ಒಯ್ಯಬೇಕು. ಅಲ್ಲಿ "ತಾನಾಗಿಯೇ ಕೆಟ್ಟಿತು" ಎನ್ನಬಾರದು. ಹಲವು ಯಂತ್ರಗಳಲ್ಲಿ ನೀರು ತಾಕಿದರೆ ಬಣ್ಣ ಬದಲಿಸುವ ಗುರುತುಪಟ್ಟಿಗಳಿರುತ್ತವೆ. ಸಾಮಾನ್ಯ ವಾರಂಟಿಯು ದ್ರವದಿಂದಾದ ಹಾನಿಗೆ ಅನ್ವಯಿಸುವುದೂ ವಿರಳ. ಯಾವ ದ್ರವ, ಎಷ್ಟು ಹೊತ್ತಿನ ಹಿಂದೆ, ಎಷ್ಟು ಎಂದು ಇದ್ದುದನ್ನು ಇದ್ದಂತೆ ಹೇಳಿದರೆ ದುರಸ್ತಿಗಾರನ ಅರ್ಧ ಕೆಲಸ ಹಗುರವಾಗುತ್ತದೆ.

ಕೀಲಿಗಳ ಪರೀಕ್ಷೆ

ಪೂರ್ಣವಾಗಿ ಒಣಗಿದ ಮೇಲೆ ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಬೇಕು. ಕನ್ನಡದಲ್ಲಿ ಬರೆಯುವವರಿಗೆ ಇದರಲ್ಲಿ ವಿಶೇಷವಾದ ಎಚ್ಚರ ಬೇಕು. ನುಡಿ ತಂತ್ರಾಂಶದಲ್ಲಿ ಬಳಕೆಯಾಗುವ, ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿಯೇ ಆಧಾರ. ಅದೊಂದು ಕೆಟ್ಟರೆ ಒತ್ತಕ್ಷರವಿರುವ ಯಾವ ಪದವೂ ಸರಿಯಾಗಿ ಮೂಡುವುದಿಲ್ಲ. ಅಂತೆಯೇ ಶಿಫ್ಟ್ ಕೀಲಿಯು ಅಂಟಿಕೊಂಡರೆ ಅಲ್ಪಪ್ರಾಣವೆಲ್ಲ ಮಹಾಪ್ರಾಣವಾಗಿ, ಕಕಾರವು ಖಕಾರವಾಗಿ, ಗಕಾರವು ಘಕಾರವಾಗಿ ಮೂಡುತ್ತದೆ. ಗುಪ್ತಪದವನ್ನು ಕೇಳುವ ಕಡೆ ಇಂತಹ ದೋಷವು ಕಣ್ಣಿಗೆ ಬೀಳುವುದಿಲ್ಲ. ಸರಿಯಾದ ಪದವನ್ನೇ ಕೊಟ್ಟರೂ ಯಂತ್ರ ಒಪ್ಪದೆ ಬಾಗಿಲು ಮುಚ್ಚುತ್ತದೆ. ಬ್ಯಾಂಕಿನ ವ್ಯವಹಾರಕ್ಕೆ ಮುನ್ನ ಬಿಳಿಯ ಪುಟವೊಂದರಲ್ಲಿ ಎಲ್ಲ ಕೀಲಿಗಳನ್ನು ಒತ್ತಿ ನೋಡುವುದು ಕ್ಷೇಮ.

ಮರುದಿನವೇ ಅರ್ಜಿಯ ಕೊನೆಯ ದಿನವಿದ್ದು ಲ್ಯಾಪ್‌ಟಾಪಿನ ಒಂದೆರಡು ಕೀಲಿಗಳಷ್ಟೇ ಹಳೆಯ ದೋಷದಿಂದ ಕೆಟ್ಟಿದ್ದರೆ ಬೇರೊಂದು ಕೀಲಿಮಣೆಯನ್ನು ಯುಎಸ್‌ಬಿ ಕಿಂಡಿಗೆ ಕೂಡಿಸಿ ಕೆಲಸ ಮುಗಿಸಬಹುದು. ವಿಂಡೋಸ್‌ನಲ್ಲಿ ತೆರೆಯ ಮೇಲೆಯೇ ಕೀಲಿಮಣೆಯನ್ನು ಮೂಡಿಸಿ ಮೌಸಿನಿಂದ ಒತ್ತುವ ಅನುಕೂಲವೂ ಇದೆ. ಈಗಷ್ಟೇ ಒದ್ದೆಯಾದ ಯಂತ್ರಕ್ಕೆ ಈ ಉಪಾಯ ಸಲ್ಲದು. ಆಗ ನೆರೆಮನೆಯ ಗಣಕವನ್ನು ಬೇಡುವುದೇ ಮೇಲು.

ಒರೆಸುವ ಕ್ರಮ

ಇಷ್ಟೆಲ್ಲ ಪಾಡು ಪಡದಿರುವ ದಾರಿ ಸರಳವಾಗಿದೆ. ಒರೆಸುವ ಮುನ್ನ ಯಂತ್ರವನ್ನು ಆರಿಸಿ ತಂತಿಯನ್ನು ಬಿಡಿಸಬೇಕು. ಬಿಡಿ ಕೀಲಿಮಣೆಯನ್ನು ಬೋರಲು ಹಾಕಿ ತಟ್ಟಿ, ಮೃದುವಾದ ಕುಂಚದಿಂದ ಧೂಳನ್ನು ಒಣದಾಗಿಯೇ ತೆಗೆಯಬೇಕು. ದ್ರವವನ್ನು ಎಂದಿಗೂ ಕೀಲಿಮಣೆಯ ಮೇಲೆ ಸಿಂಪಡಿಸದೆ ಬಟ್ಟೆಗೆ ಹಾಕಬೇಕು; ಹಿಂಡಿದರೆ ಒಂದು ಹನಿಯೂ ಬೀಳದಷ್ಟು ಮಾತ್ರ ಆ ಬಟ್ಟೆ ತೇವವಾಗಿರಬೇಕು. ೨೦೨೦ರ ಮಾರ್ಚ್ ತಿಂಗಳಲ್ಲಿ ಆಪಲ್ ಕಂಪನಿಯು ತನ್ನ ಸಾಧನಗಳ ಕೀಲಿಮಣೆಯಂತಹ ಗಟ್ಟಿಯಾದ ಹೊರಮೈಯನ್ನು ಶೇಕಡಾ ೭೦ರ ಐಸೊಪ್ರೊಪೈಲ್ ಆಲ್ಕೊಹಾಲಿನ ಒರೆಸುಬಟ್ಟೆಯಿಂದ ಮೆಲ್ಲಗೆ ಒರೆಸಬಹುದೆಂದು ಒಪ್ಪಿತು. ಆದರೆ ಬ್ಲೀಚನ್ನು ಬಳಸಬಾರದು, ಯಾವ ಸಂದಿಗೂ ತೇವ ಇಳಿಯಬಾರದು ಎಂಬ ಕಟ್ಟಳೆಯನ್ನೂ ಜೊತೆಗೇ ಹೇಳಿತು. ತೊಳೆಯಲೆಂದೇ ಮಾಡಿದ ಕೀಲಿಮಣೆಗಳೂ ಇಲ್ಲದಿಲ್ಲ. ೨೦೧೨ರಲ್ಲಿ ಲಾಜಿಟೆಕ್ ಕಂಪನಿಯು ಅಂತಹದೊಂದನ್ನು ಹೊರತಂದಿತ್ತು. ಪೆಟ್ಟಿಗೆಯ ಮೇಲೆ ಹಾಗೆಂದು ಸ್ಪಷ್ಟವಾಗಿ ಬರೆದಿರದಿದ್ದರೆ ನಿಮ್ಮದು ಆ ಜಾತಿಯದಲ್ಲವೆಂದೇ ತಿಳಿಯಬೇಕು.

ಹೇಳುವ ಧೈರ್ಯ

ಕೊನೆಯದಾಗಿ ಹಿರಿಯರಲ್ಲಿ ಒಂದು ಅರಿಕೆ. ಮನೆಯನ್ನು ಒರೆಸುವವರು ಸಾಮಾನ್ಯವಾಗಿ ಸೊಸೆಯೋ, ವಯಸ್ಸಾದ ತಾಯಿಯೋ, ಕೆಲಸಕ್ಕೆ ಬರುವ ಹೆಣ್ಣುಮಗಳೋ ಆಗಿರುತ್ತಾರೆ. ಅವರಲ್ಲಿ ಹಲವರು ಆ ಯಂತ್ರವನ್ನು ಬಳಸುವವರಲ್ಲ. ಅದರ ಗುಣವನ್ನು ಅವರಿಗೆ ಯಾರೂ ತಿಳಿಸಿರುವುದಿಲ್ಲ. ಬೈಗುಳದ ಭಯವಿರುವ ಮನೆಯಲ್ಲಿ ನೀರು ಬಿದ್ದ ಸುದ್ದಿ ಹೊರಬರುವುದಿಲ್ಲ. ಸೆರಗಿನಿಂದ ಒರೆಸಿ, ಏನೂ ಆಗಿಲ್ಲವೆಂಬಂತೆ ಇಟ್ಟುಬಿಡುತ್ತಾರೆ. ಸಂಜೆ ಬಂದ ಮಗನು ಏನೂ ಅರಿಯದೆ ಯಂತ್ರವನ್ನು ಹಚ್ಚುತ್ತಾನೆ. ಉಳಿಯಬಹುದಾಗಿದ್ದ ಯಂತ್ರವು ಆಗ ಹೋಗುತ್ತದೆ. ಅದರೊಡನೆ ಮನೆಯ ಒಂದು ವಿಶ್ವಾಸವೂ ಹೋಗುತ್ತದೆ.

ಬಡಮನೆಯಿಂದ ಬಂದು ದುಡಿಯುವ ಹೆಣ್ಣುಮಗಳ ಸಂಬಳದಲ್ಲಿ ಕೀಲಿಮಣೆಯ ಬೆಲೆಯನ್ನು ಮುರಿದುಕೊಳ್ಳುವುದು ನ್ಯಾಯವಲ್ಲ. ಆಕೆಯು ಮಾಡಿದ್ದು ನಾವು ಹೇಳಿದ ಕೆಲಸವನ್ನೇ. ಹೇಗೆ ಮಾಡಬೇಕೆಂದು ತೋರಿಸಿಕೊಡುವುದು ನಮ್ಮ ಹೊಣೆಯಾಗಿತ್ತು. ಆದಕಾರಣ ಯಂತ್ರವನ್ನು ಬಳಸುವವರೇ ಅದನ್ನು ಒರೆಸುವ ಹೊಣೆಯನ್ನೂ ಹೊರಲಿ. ಇತರರಿಗೆ, "ನೀರು ಬಿದ್ದರೆ ಮೊದಲು ಈ ಸ್ವಿಚ್ಚನ್ನು ಆರಿಸಿ, ಆಮೇಲೆ ನಮ್ಮನ್ನು ಕೂಗಿ, ಯಾರೂ ಬೈಯುವುದಿಲ್ಲ" ಎಂದು ಇಂದೇ ತಿಳಿಸಿರಲಿ. ಕನ್ನಡದಲ್ಲಿ ಬರೆದ ಒಂದು ಸಣ್ಣ ಚೀಟಿಯನ್ನು ಮೇಜಿನ ಬಳಿ ಅಂಟಿಸಿದರೆ ಇನ್ನೂ ಒಳ್ಳೆಯದು. ಮುಂಬರುವ ಹಬ್ಬದ ಶುಚಿಕಾರ್ಯವು ನಿಮ್ಮ ಮನೆಗೆ ಹೊಸ ಕಳೆಯನ್ನು ತರಲಿ, ಮನೆಯವರ ಮನಸ್ಸಿಗೆ ನೋವನ್ನು ತರದಿರಲಿ ಎಂದು ಹಾರೈಸುತ್ತೇವೆ.